ಅನ್ನದ ಬುಟ್ಟಿಯಿಂದ ಸಮಾಜಕಾರ್ಯದವರೆಗೆ



ನಮ್ಮ ಧರ್ಮಕೇಂದ್ರಗಳ ಅನೇಕ ಯುವಕ ಯುವತಿಯರು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಆಸ್ಪತ್ರೆ, ಬಾಲಾಶ್ರಮ, ವ್ಯಸನಮುಕ್ತಿ ಕೇಂದ್ರಗಳಲ್ಲಿ ದುಡಿಯುತ್ತಿದ್ದಾರೆ. 'ಸೇವೆಗೆ ಪ್ರೀತಿಯೊಂದಿದ್ದರೆ ಸಾಲದೇ, ಪದವಿಯೇಕೆ?' ಎಂದು ಕೆಲ ಹಿರಿಯರು ಕೇಳುವುದುಂಟು. 'ವೃತ್ತಿಯಲ್ಲಿ ವಿಶ್ವಾಸಕ್ಕೇನು ಕೆಲಸ?' ಎಂಬುದು ಕೆಲ ಕಿರಿಯರ ಪ್ರಶ್ನೆ. ಈ ಎರಡಕ್ಕೂ ಧರ್ಮಸಭೆಯ ಚರಿತ್ರೆಯಲ್ಲೇ ಉತ್ತರವಿದೆ.

1617ರ ಆಗಸ್ಟ್ ತಿಂಗಳ ಒಂದು ಭಾನುವಾರ. ಫ್ರಾನ್ಸಿನ ಶಾತಿಯೋನ್ ಎಂಬ ಊರಿನ ಗುರುಗಳಾಗಿದ್ದ ವಿನ್ಸೆಂಟ್ ದೆ ಪಾಲರು ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಆಗ, ಊರಾಚೆಯ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ಆರೈಕೆ ಮಾಡುವವರಿಲ್ಲ ಎಂಬ ಸುದ್ದಿ ಬಂತು. ಪ್ರಬೋಧನೆಯಲ್ಲಿ ಅವರು ಅದನ್ನೇ ಜನರ ಮುಂದಿಟ್ಟರು. ಮಧ್ಯಾಹ್ನ ತಾವೇ ಅಲ್ಲಿಗೆ ಹೊರಟಾಗ, ಆ ಮನೆಗೆ ಹೋಗಿ ಬರುತ್ತಿದ್ದವರ ಸಾಲನ್ನೇ ಕಂಡರು. ಅವರಿಗೆ ಸಂತೋಷವಾಯಿತು, ಜೊತೆಗೇ ಚಿಂತೆಯೂ ಮೂಡಿತು. ಇಂದು ಬಂದ ಆಹಾರ ಹಳಸಿಹೋಗುವಷ್ಟಿದೆ. ನಾಳೆ ಮತ್ತೆ ಉಪವಾಸವೇ? ಜನರ ದಯೆಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ವ್ಯವಸ್ಥೆಗೆ.

ಕೆಲವೇ ದಿನಗಳಲ್ಲಿ ಊರ ಮಹಿಳೆಯರ ಸಂಘವೊಂದು ಹುಟ್ಟಿತು. ಸರದಿಯಂತೆ ರೋಗಿಗಳ ಸೇವೆ ಮಾಡುವುದು ಹೇಗೆಂದು ಸಂತರು ನಿಯಮಾವಳಿ ಬರೆದರು. ಅದರಲ್ಲೊಂದು ಸೂಕ್ಷ್ಮವನ್ನು ಗಮನಿಸಿ: ಮೊದಲು, ಜೊತೆಗೆ ಯಾರಾದರೂ ಇರುವ ರೋಗಿಯ ಬಳಿಗೆ ಹೋಗಬೇಕು, ಒಂಟಿಯಾಗಿರುವವರ ಬಳಿಗೆ ಕಡೆಯಲ್ಲಿ ಹೋಗಬೇಕು. ಏಕೆಂದರೆ, ಆಗ ಅವರೊಡನೆ ಹೆಚ್ಚು ಹೊತ್ತು ಕೂರಬಹುದು! ಇಲ್ಲಿ ಯೋಜನೆ ಯಾವುದು, ಪ್ರೀತಿ ಯಾವುದು ಎಂದು ಬೇರ್ಪಡಿಸಬಲ್ಲಿರಾ? 1633ರಲ್ಲಿ ಸಂತ ಲೂಯಿಸ್ ದೆ ಮರಿಲಾಕ್‌ರೊಡನೆ ಅವರು ಸ್ಥಾಪಿಸಿದ ದಯಾಪುತ್ರಿಯರ ಸಂಸ್ಥೆ ಈ ಶಿಸ್ತನ್ನು ಮುಂದುವರಿಸಿತು. ಇನ್ನೂರು ವರ್ಷಗಳ ಬಳಿಕ, 1833ರಲ್ಲಿ, ಇಪ್ಪತ್ತರ ಹರೆಯದ ವಿದ್ಯಾರ್ಥಿ ಫ್ರೆಡರಿಕ್ ಓಜನಾಂ ತನ್ನ ಗೆಳೆಯರೊಡನೆ ಪ್ಯಾರಿಸ್ಸಿನ ಬಡವರ ಮನೆಗಳನ್ನು ಸಂದರ್ಶಿಸಲು ಹೊರಟಾಗ, ಅವರಿಗೆ ದಾರಿ ತೋರಿದವರು ಇದೇ ಸಂಸ್ಥೆಯ ಸಿಸ್ಟರ್ ರೋಸಲಿ ರಂದು. ನಮ್ಮ ಧರ್ಮಕೇಂದ್ರಗಳಲ್ಲಿ ಕಾಣುವ ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಮೂಲವಿದು.

ಇಪ್ಪತ್ತನೆಯ ಶತಮಾನದಲ್ಲಿ ಸಮಾಜಕಾರ್ಯವು ವಿಶ್ವವಿದ್ಯಾಲಯದ ಶಾಸ್ತ್ರವಾಯಿತು. 1957ರಲ್ಲಿ ಅಮೆರಿಕದ ಶಿಕಾಗೋ ನಗರದ ಲೊಯೋಲಾ ವಿಶ್ವವಿದ್ಯಾಲಯದ ಯೇಸುಸಭೆಯ ಗುರು ಫೀಲಿಕ್ಸ್ ಬೀಸ್ಟೆಕ್‌ರವರು, ಕಾರ್ಯಕರ್ತನಿಗೂ ನೆರವು ಕೋರಿ ಬಂದವನಿಗೂ ಇರಬೇಕಾದ ಸಂಬಂಧವನ್ನು ಏಳು ತತ್ವಗಳಲ್ಲಿ ನಿರೂಪಿಸಿದರು. ಪ್ರತಿಯೊಬ್ಬನನ್ನೂ ವಿಶಿಷ್ಟ ವ್ಯಕ್ತಿಯಾಗಿ ಕಾಣುವುದು, ಇದ್ದಂತೆಯೇ ಸ್ವೀಕರಿಸುವುದು, ತೀರ್ಪು ನೀಡದಿರುವುದು, ಗುಟ್ಟು ಕಾಪಾಡುವುದು, ತನ್ನ ಬಾಳಿನ ನಿರ್ಧಾರವನ್ನು ಅವನೇ ಕೈಗೊಳ್ಳುವ ಹಕ್ಕನ್ನು ಗೌರವಿಸುವುದು ಇವುಗಳಲ್ಲಿ ಮುಖ್ಯವಾದವು. ವಿಶ್ವಾಸದ ಹಂಗಿಲ್ಲದ ವಿದ್ಯಾಲಯಗಳಲ್ಲೂ ಇವು ಪಾಠವಾದವು.

ಶುಭಸಂದೇಶದ ಓದುಗರಾದ ನಮಗೆ ಇವು ಅಪರಿಚಿತವೇ? ಕುರುಡ ಬಾರ್ತಿಮಾಯನಿಗೆ ಬೇಕಾದುದೇನೆಂದು ಯೇಸುವಿಗೆ ತಿಳಿಯದೇ? ಆದರೂ ಅವರು ಮೊದಲು ಅವನನ್ನೇ ಕೇಳಿದರು. ಸಾಮತಿಯ ಸಮಾರಿಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿದ, ಛತ್ರಕ್ಕೆ ಸಾಗಿಸಿದ, ಮುಂದಿನ ಖರ್ಚಿಗೂ ಏರ್ಪಾಡು ಮಾಡಿದ. ಬಿದ್ದವನ ಕುಲವನ್ನು ಮಾತ್ರ ಕೇಳಲಿಲ್ಲ.

ನಮ್ಮ ನಾಡಿಗೂ ಈ ಪರಂಪರೆ ಹರಿದುಬಂದಿದೆ. 1960ರಲ್ಲಿ ಮರಿಯಳ ಹೃದಯದ ಪುತ್ರಿಯರ ಸಂಸ್ಥೆಯವರು ಮಂಗಳೂರಿನಲ್ಲಿ ರೋಶನಿ ನಿಲಯ ಸಮಾಜಕಾರ್ಯ ವಿದ್ಯಾಲಯವನ್ನು ಆರಂಭಿಸಿದರು. ಈ ಸಂಸ್ಥೆಯ ಸದಸ್ಯೆಯರು ಸನ್ಯಾಸಿನಿಯರ ಉಡುಪು ಧರಿಸುವುದಿಲ್ಲ. ವಿಶ್ವಾಸವು ಕೆಲಸದಲ್ಲಿ ಕಾಣಬೇಕೆಂಬುದಕ್ಕೆ ಇದೊಂದು ಮೌನ ಸಾಕ್ಷಿಯಂತಿದೆ.

2005ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ತಮ್ಮ ಮೊದಲ ವಿಶ್ವಪತ್ರದಲ್ಲಿ ಎರಡೂ ಪ್ರಶ್ನೆಗಳನ್ನು ಒಟ್ಟಿಗೇ ಬಿಡಿಸಿದರು. ಸೇವೆ ಮಾಡುವವರಿಗೆ ವೃತ್ತಿಕೌಶಲ ಮೂಲಭೂತ ಅಗತ್ಯ. ಆದರೆ ಅದಷ್ಟೇ ಸಾಲದು, ಹೃದಯಕ್ಕೂ ಸಂಸ್ಕಾರ ಬೇಕು. ಮತಾಂತರದ ಸಾಧನವಾಗಿ ಸೇವೆಯನ್ನು ಬಳಸಲಾಗದು. ಪ್ರೀತಿ ಉಚಿತವಾದುದು ಎಂದೂ ಅವರು ಸ್ಪಷ್ಟಪಡಿಸಿದರು.

ಹಾಗಾದರೆ, ನೆರವು ಬೇಡಿ ಬಂದ ಬಡವಿಯನ್ನು 'ಭಾನುವಾರ ಪೂಜೆಗೆ ಬರುತ್ತೀಯಾ?' ಎಂದು ಮೊದಲು ಪ್ರಶ್ನಿಸುವುದು ಸರಿಯೇ? ಅವಳ ಮನೆಯ ಕಷ್ಟ ಮರುದಿನ ದೇವಾಲಯದ ಅಂಗಳದಲ್ಲಿ ಮಾತಾಗುವುದು ಸರಿಯೇ? ನಮ್ಮ ಮಕ್ಕಳು ವೃತ್ತಿಧರ್ಮವೆಂದು ಕಲಿತು ಬಂದ ಈ ಶಿಸ್ತನ್ನು ನಾವು ಅವರಿಂದ ಕಲಿಯೋಣ. ದಣಿದು ಮನೆಗೆ ಮರಳುವ ಆ ಮಕ್ಕಳಿಗಾಗಿ ಸಂಜೆಯ ಪ್ರಾರ್ಥನೆಯಲ್ಲಿ ಬೇಡೋಣ. ಬುಟ್ಟಿ ತುಂಬಿಸುವ ಕೈ, ನಾಳೆಯನ್ನು ಎಣಿಸುವ ಬುದ್ಧಿ, ಒಂಟಿಯ ಬಳಿ ಇನ್ನೂ ಸ್ವಲ್ಪ ಹೊತ್ತು ಕೂರುವ ಹೃದಯ, ಈ ಮೂರನ್ನೂ ದೇವರು ನಮಗೆ ದಯಪಾಲಿಸಲಿ.