ಒಂದು ಕಾಡಿನ ಹೆಸರು, ಐದು ರಾಜ್ಯಗಳ ಜ್ವರ

ಭಾಗ 4

ಫೋಟೋದಲ್ಲಿರೋದು ಸಾಗರದ ಕಡೆ ನಮ್ಮಜ್ಜಿ ಮನೆ ಹಿಂದಿನ ಕಾಡು. ಚೆಂದ ಇದೆ ಅಲ್ವಾ? ಆದ್ರೆ ಜನವರಿ ಬಂತು ಅಂದ್ರೆ ಅಜ್ಜಿ ನನ್ನನ್ನ ಆ ಕಡೆ ಬಿಡಲ್ಲ. ತಾನು ಮಾತ್ರ ಹೋಗ್ತಾಳೆ. ಯಾಕೆ ಅಂತ ಹೇಳ್ತೀನಿ, ಓದಿ.

1957. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳ್ತಿದ್ದವು. ಸುತ್ತಲಿನ ಹಳ್ಳಿ ಜನರಿಗೂ ವಿಪರೀತ ಜ್ವರ. ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಬಂತಾ ಅನ್ನೋ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಸಿಕ್ಕಿದ್ದು ವಿಜ್ಞಾನಕ್ಕೇ ಹೊಸದಾದ ವೈರಸ್. ರೋಗಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು: ಕ್ಯಾಸನೂರು ಫಾರೆಸ್ಟ್ ಡಿಸೀಸ್. ನಮ್ಮ ಬಾಯಲ್ಲಿ ಮಂಗನ ಕಾಯಿಲೆ.

ಹೆಸರು ಕೇಳಿ ಮಂಗನ ಮೇಲೆ ಸಿಟ್ಟಾಗ್ಬೇಡಿ. ಅದೂ ನಮ್ಮ ಹಾಗೆ ರೋಗಿನೇ. ಹರಡೋದು ಉಣುಗು. ಮಂಗ ಸತ್ತಾಗ ಅದರ ಮೈಯಲ್ಲಿದ್ದ ಉಣುಗು ನೆಲಕ್ಕೆ ಇಳಿಯುತ್ತೆ. ಡಿಸೆಂಬರ್‌ನಿಂದ ಮೇವರೆಗೆ ಮರಿ ಉಣುಗುಗಳ ಕಾಟ ಜಾಸ್ತಿ. ಅದೇ ಟೈಮಲ್ಲಿ ನಮ್ಮವರು ಕೊಟ್ಟಿಗೆಗೆ ದರಗು, ಒಲೆಗೆ ಸೌದೆ ತರೋಕೆ ಕಾಡಿಗೆ ಹೋಗ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡಲ್ಲ. ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯ್ತಾರೆ.

ಹೊಸ ರೋಗ ಅಂದ್ರೆ ವಿಮಾನದಲ್ಲಿ ಬರುತ್ತೆ ಅನ್ಕೊಂಡಿರ್ತೀವಿ. ಇದು ಕಾಡಿನ ಅಂಚು ಹಿಡಿದು ನಡ್ಕೊಂಡೇ ಹೋಯ್ತು. 1980ರ ದಶಕದಲ್ಲಿ ಬೆಳ್ತಂಗಡಿ. 2012ರಿಂದ ಈಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗ. 2019ರಲ್ಲಿ ನಮ್ಮ ಸಾಗರದ ಅರಳಗೋಡಲ್ಲೇ ಹಲವರು ತೀರಿಕೊಂಡರು. ಕಾಡು ಒಡೆದು ತೋಟ, ರಸ್ತೆ ಆದಷ್ಟೂ ಈ ಅಂಚು ಉದ್ದ ಆಗುತ್ತೆ. ಮನುಷ್ಯ, ದನ, ಮಂಗ, ಉಣುಗು ಎಲ್ಲಾ ಅಲ್ಲೇ ಸೇರೋದು.

ಲಸಿಕೆ ಇರಲಿಲ್ವಾ? ಇತ್ತು. 1990ರ ದಶಕದಿಂದ ಕೊಡ್ತಿದ್ರು. ಸರಿಯಾಗಿ ರಕ್ಷಣೆ ಕೊಡ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸದರ ಕೆಲಸ ಆಮೇಲೆ ಶುರುವಾಯ್ತು. ರೋಗ ಪತ್ತೆಯಾಗಿ ಆಗಲೇ 65 ವರ್ಷ!

ನಾನು ಬಿಕಾಂ ಓದೋದು, ಹಾಗಾಗಿ ನನಗೆ ಕಾಣೋದು ಲೆಕ್ಕ. ದರಗು ಗುಡಿಸೋರಿಗೆ ಬರೋ ರೋಗಕ್ಕೆ ದೊಡ್ಡ ಮಾರ್ಕೆಟ್ ಇಲ್ಲ. ಲಾಭ ನೋಡಿ ಯಾರೂ ಓಡಿ ಬರಲ್ಲ. ಅದಕ್ಕೇ ಇದು ಸರ್ಕಾರ ಹೊರಬೇಕಾದ ಖರ್ಚು, ನಾವು ಕೇಳ್ಬೇಕಾದ ಪ್ರಶ್ನೆ.

ಸತ್ತ ಮಂಗ ಕಂಡ್ರೆ ಮುಟ್ಟಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೇಳಿ. ಕಾಡಿಂದ ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೀರಿ. ಮಲೆನಾಡಲ್ಲಿ ನಿಮ್ಮ ಅಜ್ಜಿ ಇದ್ರೆ ಇವತ್ತೇ ಒಂದು ಫೋನ್ ಮಾಡಿ. ನಾನೂ ಮಾಡ್ತೀನಿ.

#ಮಂಗನಕಾಯಿಲೆ #ಮಲೆನಾಡು #ಇತಿಹಾಸ