ವೃತ್ತಿನಿರತ ಶಿಕ್ಷಕರ ಸ್ನಾತಕೋತ್ತರ ಅಧ್ಯಯನ: ಸ್ವರೂಪ, ಮಾರ್ಗ ಮತ್ತು ಹೊಣೆ

ಬಿ.ಎಡ್. ಮುಗಿಸಿ ಶಾಲೆಗೆ ಸೇರಿದ ಶಿಕ್ಷಕರು ಸುಮಾರು ಮೂವತ್ತು ವರ್ಷಗಳ ಕಾಲ ಮಕ್ಕಳ ಎದುರಿಗೆ ನಿಲ್ಲುತ್ತಾರೆ. ಈ ಅವಧಿಯಲ್ಲಿ ಪಠ್ಯಪುಸ್ತಕಗಳು ಹಲವು ಬಾರಿ ಬದಲಾಗುತ್ತವೆ, ಪರೀಕ್ಷಾ ಪದ್ಧತಿ ಬದಲಾಗುತ್ತದೆ, ತರಗತಿಗೆ ಬರುವ ಮಕ್ಕಳ ಮನೆಯ ಹಿನ್ನೆಲೆಯೂ ಬದಲಾಗುತ್ತದೆ. ವೃತ್ತಿಯ ಹೊಸ್ತಿಲಲ್ಲಿ ಪಡೆದ ತರಬೇತಿಯೊಂದರಿಂದಲೇ ಇಷ್ಟು ದೀರ್ಘ ಸೇವೆಯನ್ನು ನಿಭಾಯಿಸುವುದು ಕಷ್ಟ. ಪಾಠ ಹೇಳುತ್ತಲೇ ಪಾಠ ಕಲಿಯುವ ಈ ಅಗತ್ಯವನ್ನು ಪೂರೈಸುವ ವ್ಯವಸ್ಥಿತ ಮಾರ್ಗಗಳಲ್ಲಿ ವೃತ್ತಿನಿರತ ಶಿಕ್ಷಕರ ಸ್ನಾತಕೋತ್ತರ ಅಧ್ಯಯನವೂ ಒಂದು. ಅದರ ಹಿನ್ನೆಲೆ, ನಮ್ಮಲ್ಲಿ ಲಭ್ಯವಿರುವ ಮಾರ್ಗಗಳು, ಅಧ್ಯಯನದ ತಿರುಳು ಮತ್ತು ಅಧ್ಯಯನಕ್ಕೆ ತೊಡಗುವವರು ಗಮನಿಸಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಭಾರತದಲ್ಲಿ ಎಂ.ಎಡ್. ಪದವಿಯನ್ನು ಮೊದಲು ಆರಂಭಿಸಿದ ಕೀರ್ತಿ ಮುಂಬೈ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತದೆ; ಅದು 1936ರಲ್ಲಿ. ಸ್ವಾತಂತ್ರ್ಯಾನಂತರ ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು (1964–66) ಶಿಕ್ಷಕರ ತರಬೇತಿ ಸಂಸ್ಥೆಗಳು ಒಂದು ಕಡೆ ವಿಶ್ವವಿದ್ಯಾಲಯಗಳಿಂದಲೂ ಇನ್ನೊಂದು ಕಡೆ ಶಾಲೆಗಳಿಂದಲೂ ದೂರವಾಗಿ, ಒಂಟಿಯಾಗಿ ಉಳಿದಿರುವುದನ್ನು ಗುರುತಿಸಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಎಲ್ಲರ ಬಾಯಲ್ಲಿರುವ ಡಯಟ್‌ಗಳು ಸ್ಥಾಪನೆಯಾದವು. 1993ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯ ಪ್ರಕಾರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 1995ರಲ್ಲಿ ಶಾಸನಬದ್ಧ ಸಂಸ್ಥೆಯಾಗಿ ಅಸ್ತಿತ್ವಕ್ಕೆ ಬಂದಿತು. ಈ ಪರಿಷತ್ತಿನ 2014ರ ನಿಯಮಗಳಿಂದ ಒಂದು ವರ್ಷದ ಎಂ.ಎಡ್. ಎರಡು ವರ್ಷಗಳ ಶಿಕ್ಷಣಕ್ರಮವಾಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ನಿರಂತರ ವೃತ್ತಿ ಅಭಿವೃದ್ಧಿಯಲ್ಲಿ ತೊಡಗಬೇಕೆಂದು ನಿರೀಕ್ಷಿಸುತ್ತದೆ. ಅಲ್ಪಾವಧಿಯ ತರಬೇತಿಗಳು ಈ ನಿರೀಕ್ಷೆಯನ್ನು ಈಡೇರಿಸಬಲ್ಲವು. ಆದರೆ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡು ತಿಂಗಳುಗಟ್ಟಲೆ ಅದರ ಬೆನ್ನು ಹತ್ತುವ ಅವಕಾಶ ದೊರೆಯುವುದು ಸ್ನಾತಕೋತ್ತರ ಅಧ್ಯಯನದಲ್ಲಿ. ಫಿನ್ಲೆಂಡ್ ದೇಶವು 1979ರಿಂದಲೇ ಪ್ರಾಥಮಿಕ ಶಾಲೆಯ ತರಗತಿ ಶಿಕ್ಷಕರಿಗೂ ಸ್ನಾತಕೋತ್ತರ ಪದವಿಯನ್ನು ಅಗತ್ಯವಾಗಿಸಿತು. ಚಿಕ್ಕ ಮಕ್ಕಳಿಗೆ ಕಲಿಸಲು ಅಷ್ಟು ಓದು ಏಕೆ ಎಂಬ ಪ್ರಶ್ನೆ ನಮ್ಮಲ್ಲಿ ಇಂದಿಗೂ ಕೇಳಿಬರುತ್ತದೆ. ಅಕ್ಷರ ಬಾರದ ಮಗುವಿಗೆ ಅಕ್ಷರ ಕಲಿಸುವುದು ಶಿಕ್ಷಣದ ಅತ್ಯಂತ ಸೂಕ್ಷ್ಮವಾದ ಕೆಲಸ ಎಂಬುದನ್ನು ಒಂದನೆಯ ತರಗತಿಗೆ ಪಾಠ ಮಾಡಿದವರೆಲ್ಲರೂ ಬಲ್ಲರು.

ಲಭ್ಯವಿರುವ ಮಾರ್ಗಗಳು

ಮೊದಲನೆಯದು ಎಂ.ಎಡ್. ಇದು ಎನ್‌ಸಿಟಿಇ ನಿಯಮಗಳಿಗೆ ಒಳಪಟ್ಟ ವೃತ್ತಿಪರ ಪದವಿ. 2014ರ ನಿಯಮಗಳಂತೆ ಇದಕ್ಕೆ ನಾಲ್ಕು ಸೆಮಿಸ್ಟರ್‌ಗಳು, 80 ಕ್ರೆಡಿಟ್‌ಗಳು. ಶಿಕ್ಷಣದ ತಾತ್ತ್ವಿಕ, ಸಾಮಾಜಿಕ ಹಾಗೂ ಮನೋವೈಜ್ಞಾನಿಕ ಅಡಿಪಾಯಗಳು, ಸಂಶೋಧನಾ ವಿಧಾನ, ಶಿಕ್ಷಕರ ಶಿಕ್ಷಣ, ಪ್ರಾಥಮಿಕ ಅಥವಾ ಪ್ರೌಢ ಹಂತದ ವಿಶೇಷ ಅಧ್ಯಯನ, ಕ್ಷೇತ್ರಕಾರ್ಯ ಮತ್ತು ಸಂಶೋಧನಾ ಪ್ರಬಂಧ ಇದರ ಮುಖ್ಯ ಅಂಗಗಳು. ಪ್ರವೇಶಕ್ಕೆ ಬಿ.ಎಡ್. ಅಥವಾ ತತ್ಸಮಾನ ಪದವಿಯಲ್ಲಿ ಸಾಮಾನ್ಯವಾಗಿ ಶೇ. 50 ಅಂಕಗಳು ಬೇಕು. ಬಿ.ಎಡ್. ಕಾಲೇಜುಗಳಲ್ಲಿ ಬೋಧಕರಾಗಬಯಸುವವರಿಗೆ ಈ ಪದವಿ ಮುಖ್ಯವಾದುದು. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ಎನ್‌ಸಿಇಆರ್‌ಟಿಯ ಅಂಗಸಂಸ್ಥೆಯಾಗಿದ್ದು, ದಕ್ಷಿಣ ಭಾರತದ ಶಿಕ್ಷಕರಿಗೆ ಬಹುಕಾಲದಿಂದ ಪರಿಚಿತವಾದ ಕೇಂದ್ರವಾಗಿದೆ.

ಎರಡನೆಯದು ಶಿಕ್ಷಣ ವಿಷಯದಲ್ಲಿ ಎಂ.ಎ. ಪದವಿ. ಇದು ಶಿಕ್ಷಣವನ್ನು ಒಂದು ಜ್ಞಾನಶಾಖೆಯಾಗಿ ಅಭ್ಯಸಿಸುವ ಪದವಿ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು (ಇಗ್ನೋ) ಇದನ್ನು ದೂರಶಿಕ್ಷಣದ ಮೂಲಕ ನೀಡುತ್ತದೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 2006ರಲ್ಲಿ ಪ್ರಾಥಮಿಕ ಶಿಕ್ಷಣದ ಎಂ.ಎ. ಆರಂಭಿಸಿದಾಗ, ಕೆಲಸದಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಕೆಲವು ವಾರಗಳ ಮುಖಾಮುಖಿ ತರಗತಿ ಮತ್ತು ಉಳಿದ ಕಾಲ ಇದ್ದಲ್ಲಿಯೇ ಅಧ್ಯಯನ ಎಂಬ ಮಿಶ್ರ ಪದ್ಧತಿಯನ್ನು ರೂಪಿಸಿತು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿಯೂ ಶಿಕ್ಷಣದ ಎಂ.ಎ. ಅಧ್ಯಯನಕ್ಕೆ ಅವಕಾಶವಿದೆ.

ಮೂರನೆಯದು ಸ್ನಾತಕೋತ್ತರ ಡಿಪ್ಲೊಮಾ. ಶೈಕ್ಷಣಿಕ ಆಡಳಿತ, ಶೈಕ್ಷಣಿಕ ತಂತ್ರಜ್ಞಾನ ಮುಂತಾದ ಸೀಮಿತ ಕ್ಷೇತ್ರಗಳಲ್ಲಿ ಇವು ಲಭ್ಯ. ಮುಖ್ಯೋಪಾಧ್ಯಾಯರ ಹೊಣೆ ಹೊತ್ತವರಿಗೆ ಎರಡು ವರ್ಷದ ಪದವಿಗಿಂತ ಆಡಳಿತದ ಡಿಪ್ಲೊಮಾವೇ ಹೆಚ್ಚು ಒದಗಿಬರಬಹುದು.

2025ರಲ್ಲಿ ಎನ್‌ಸಿಟಿಇ ಪ್ರಕಟಿಸಿದ ಕರಡು ನಿಯಮಗಳಲ್ಲಿ ಒಂದು ವರ್ಷದ ಪೂರ್ಣಾವಧಿ ಎಂ.ಎಡ್. ಜೊತೆಗೆ, ಕೆಲಸದಲ್ಲಿರುವವರಿಗಾಗಿ ಎರಡು ವರ್ಷಗಳ ಅರೆಕಾಲಿಕ ಎಂ.ಎಡ್. ಕ್ರಮವನ್ನೂ ಪ್ರಸ್ತಾಪಿಸಲಾಗಿದೆ. ಆದುದರಿಂದ ಅರ್ಜಿ ಸಲ್ಲಿಸುವವರು ಆಯಾ ವರ್ಷ ಜಾರಿಯಲ್ಲಿರುವ ನಿಯಮವನ್ನೇ ನೋಡಿ ಮುಂದುವರಿಯುವುದು ಕ್ಷೇಮ.

ಅಧ್ಯಯನದ ತಿರುಳು: ಕ್ರಿಯಾ ಸಂಶೋಧನೆ

ಅನುಭವವಿಲ್ಲದ ವಿದ್ಯಾರ್ಥಿ ಮತ್ತು ಹತ್ತು ವರ್ಷ ಪಾಠ ಮಾಡಿದ ಶಿಕ್ಷಕ ಒಂದೇ ಪುಸ್ತಕವನ್ನು ಓದಿದರೂ ಪಡೆಯುವುದು ಬೇರೆ ಬೇರೆ. ಶಿಕ್ಷಕರ ಮನಸ್ಸಿನಲ್ಲಿ ಆಗಲೇ ನೂರಾರು ಮಕ್ಕಳ ಮುಖಗಳಿರುತ್ತವೆ. ಈ ಅನುಭವವನ್ನು ಜ್ಞಾನವಾಗಿ ಪರಿವರ್ತಿಸುವ ಸಾಧನವೇ ಕ್ರಿಯಾ ಸಂಶೋಧನೆ. ಈ ಪರಿಕಲ್ಪನೆಯನ್ನು 1946ರಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಮಂಡಿಸಿದರು. 1953ರಲ್ಲಿ ಅಮೆರಿಕದ ಸ್ಟೀಫನ್ ಕೋರಿ ತಮ್ಮ ಗ್ರಂಥದ ಮೂಲಕ ಅದನ್ನು ಶಾಲೆಗಳಿಗೆ ಅನ್ವಯಿಸಿದರು. ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ ಶಿಕ್ಷಕರೇ ಸಂಶೋಧಕರಾಗಬೇಕೆಂದು ಪ್ರತಿಪಾದಿಸಿದರು. ವಿಷಯ ತಿಳಿದಿರುವುದು ಬೇರೆ, ಆ ವಿಷಯವನ್ನು ಕಲಿಸಬಲ್ಲ ತಿಳಿವು ಬೇರೆ ಎಂಬುದನ್ನು 1986ರಲ್ಲಿ ಲೀ ಶುಲ್ಮನ್ ಸ್ಪಷ್ಟಪಡಿಸಿದರು. ಯೋಜನೆ, ಕ್ರಿಯೆ, ಅವಲೋಕನ, ಚಿಂತನೆ ಎಂಬ ನಾಲ್ಕು ಹಂತಗಳು ಮತ್ತೆ ಮತ್ತೆ ಆವರ್ತಿಸುವುದೇ ಈ ಸಂಶೋಧನೆಯ ಲಕ್ಷಣ.

ಒಂದು ನಿದರ್ಶನ

ನಾಲ್ಕನೆಯ ತರಗತಿಯ ಶಿಕ್ಷಕಿಯೊಬ್ಬರು 52ರಿಂದ 28ನ್ನು ಕಳೆಯಲು ಹೇಳಿದರೆಂದು ಭಾವಿಸೋಣ. ಹಲವು ಮಕ್ಕಳು 36 ಎಂದು ಬರೆಯುತ್ತಾರೆ. ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ, ಸರಿಯುತ್ತರ 24 ಎಂದು ಬರೆದು ಮುಂದೆ ಸಾಗುವುದು ವಾಡಿಕೆ. ಅದೇ ತಪ್ಪು ಮರುಕಳಿಸಿದರೆ ಮಗುವಿಗೆ ಲೆಕ್ಕ ಹತ್ತುವುದಿಲ್ಲ ಎಂಬ ತೀರ್ಮಾನವೂ ಆಗಿಬಿಡುತ್ತದೆ.

ಸಂಶೋಧನೆಯ ದೃಷ್ಟಿ ಬೆಳೆಸಿಕೊಂಡ ಶಿಕ್ಷಕಿ ಮಗುವನ್ನು ಹತ್ತಿರ ಕೂರಿಸಿಕೊಂಡು, "ಇದನ್ನು ಹೇಗೆ ಮಾಡಿದೆ, ಹೇಳು" ಎಂದು ಕೇಳುತ್ತಾರೆ. "ಎಂಟರಲ್ಲಿ ಎರಡು ಹೋದರೆ ಆರು, ಐದರಲ್ಲಿ ಎರಡು ಹೋದರೆ ಮೂರು" ಎನ್ನುತ್ತದೆ ಮಗು. ಅಂದರೆ ಅದು ಅಜಾಗರೂಕತೆಯಿಂದ ತಪ್ಪು ಮಾಡಿಲ್ಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ತಾನು ಕಲಿತ ನಿಯಮವನ್ನು ಪ್ರತಿ ಸ್ಥಾನದಲ್ಲಿಯೂ ನಿಷ್ಠೆಯಿಂದ ಪಾಲಿಸಿದೆ. ಕೊರತೆಯಿರುವುದು ಸ್ಥಾನಬೆಲೆಯ ಅರಿವಿನಲ್ಲಿ.

ಈಗ ಯೋಜನೆ ರೂಪುಗೊಳ್ಳುತ್ತದೆ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಮಕ್ಕಳ ಮುಂದಿಡಲಾಗುತ್ತದೆ. ಎಂಟು ಕಡ್ಡಿ ತೆಗೆಯಲು ಬಿಡಿ ಸಾಲದಾದಾಗ ಮಕ್ಕಳೇ ಒಂದು ಕಟ್ಟನ್ನು ಬಿಚ್ಚುತ್ತಾರೆ. ನಾಲ್ಕು ಕಟ್ಟು, ಹನ್ನೆರಡು ಬಿಡಿ. ಅದರಿಂದ ಎರಡು ಕಟ್ಟು, ಎಂಟು ಬಿಡಿ ಹೋದರೆ ಉಳಿಯುವುದು 24. ಪಾಠ ಮುಗಿದ ಮರುದಿನವಲ್ಲ, ಎರಡು ವಾರಗಳ ಬಳಿಕ ಮತ್ತೆ ಪರೀಕ್ಷಿಸಿದರೆ ಕಲಿಕೆ ನಿಂತಿದೆಯೇ ಎಂಬುದು ತಿಳಿಯುತ್ತದೆ. ಆಗ ಹೊಸ ತೊಡಕೊಂದು ಕಾಣಿಸಬಹುದು: 52ರಿಂದ 28ನ್ನು ಸರಿಯಾಗಿ ಕಳೆದ ಮಗುವೇ 304ರಿಂದ 178ನ್ನು ಕಳೆಯುವಾಗ 126ರ ಬದಲು 274 ಎಂದು ಬರೆಯಬಹುದು. ಹತ್ತರ ಸ್ಥಾನದಲ್ಲಿ ಬಿಚ್ಚಲು ಕಟ್ಟೇ ಇಲ್ಲ. ಮೊದಲು ನೂರನ್ನು ಬಿಚ್ಚಬೇಕು. ಇಲ್ಲಿಂದ ಎರಡನೆಯ ಆವರ್ತನ ಆರಂಭವಾಗುತ್ತದೆ. ಶಿಕ್ಷಕಿಯ ದಿನಚರಿ, ಮಕ್ಕಳ ಹಾಳೆಗಳು, ಸಂಭಾಷಣೆಯ ಟಿಪ್ಪಣಿಗಳು ಇವೆಲ್ಲವೂ ಪ್ರಬಂಧದ ಆಧಾರ ಸಾಮಗ್ರಿಗಳಾಗುತ್ತವೆ.

ನೈತಿಕ ಹೊಣೆ

ಸ್ವಂತ ತರಗತಿಯನ್ನೇ ಅಧ್ಯಯನ ಮಾಡುವವರು ಕೆಲವು ಕಟ್ಟುಪಾಡುಗಳನ್ನು ಮರೆಯಬಾರದು. ಮುಖ್ಯೋಪಾಧ್ಯಾಯರ ಅನುಮತಿ ಮತ್ತು ಪೋಷಕರ ಒಪ್ಪಿಗೆ ಪಡೆಯಬೇಕು. ಪ್ರಬಂಧದಲ್ಲಿ ಮಕ್ಕಳ ಗುರುತು ಸಿಗುವಂತಿರಬಾರದು. ಹೋಲಿಕೆಯ ಸಲುವಾಗಿ ಒಂದು ಗುಂಪಿನ ಮಕ್ಕಳಿಗೆ ಉತ್ತಮ ಬೋಧನೆಯನ್ನು ತಪ್ಪಿಸುವುದು ಸಲ್ಲದು. ಅಧ್ಯಯನ ಮುಗಿದ ಬಳಿಕವಾದರೂ ಅದು ಅವರಿಗೆ ದೊರೆಯಬೇಕು. ಹೊಸ ವಿಧಾನ ಫಲ ನೀಡದಿದ್ದರೆ ಅದನ್ನು ಹಾಗೆಯೇ ದಾಖಲಿಸಬೇಕು. ಪ್ರಾಮಾಣಿಕವಾಗಿ ಬರೆದ ವೈಫಲ್ಯ ಮುಂದಿನ ಶಿಕ್ಷಕರಿಗೆ ದಾರಿದೀಪ.

ಹಣ ಕೊಟ್ಟು ಬರೆಸಿದ ಪ್ರಬಂಧದಿಂದ ಪದವಿ ದೊರೆಯಬಹುದು. ಆದರೆ ಹಾಗೆ ಪಡೆದವರು ಮರುದಿನ ತರಗತಿಗೆ ಹೋಗಿ, ನಕಲು ಮಾಡಬೇಡಿರೆಂದು ಮಕ್ಕಳಿಗೆ ಯಾವ ಬಾಯಿಂದ ಹೇಳಬಲ್ಲರು? ಇಲ್ಲಿ ಕಳೆದುಹೋಗುವುದು ಶಿಕ್ಷಕರಿಗೆ ವೃತ್ತಿಯಲ್ಲಿರುವ ನೈತಿಕ ಅಧಿಕಾರ.

ಸೇರುವ ಮುನ್ನ

ಸಂಸ್ಥೆಗೆ ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಪರಿಶೀಲಿಸಬೇಕು. ಎಂ.ಎಡ್. ಆದರೆ ಎನ್‌ಸಿಟಿಇ ಮಾನ್ಯತೆ, ದೂರಶಿಕ್ಷಣವಾದರೆ ಆ ವರ್ಷಕ್ಕೆ ಮತ್ತು ಆ ಶಿಕ್ಷಣಕ್ರಮಕ್ಕೆ ಯುಜಿಸಿಯ ಅನುಮೋದನೆ ಇರುವುದು ಅವಶ್ಯ. ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಶಿಕ್ಷಕರು ಇಲಾಖೆಯ ಪೂರ್ವಾನುಮತಿಯನ್ನು ಲಿಖಿತವಾಗಿ ಪಡೆಯಬೇಕು. ಪೂರ್ಣಾವಧಿ ತರಗತಿಗೆ ಹಾಜರಾಗದೆ ಹಾಜರಾತಿ ತೋರಿಸುವ ಆಮಿಷಕ್ಕೆ ಒಳಗಾಗುವುದು ಕಾನೂನಿಗೂ ಆತ್ಮಸಾಕ್ಷಿಗೂ ವಿರುದ್ಧ. ಮನೆ, ಶಾಲೆ, ಓದು ಮೂರನ್ನೂ ತೂಗಿಸಬೇಕಾದ ಶಿಕ್ಷಕಿಯರ ಮೇಲೆ ಬೀಳುವ ಭಾರ ಹೆಚ್ಚು. ಕುಟುಂಬದವರು ದಿನಕ್ಕೊಂದು ಗಂಟೆಯಾದರೂ ಬಿಡುವು ಮಾಡಿಕೊಟ್ಟರೆ ಅದೇ ದೊಡ್ಡ ನೆರವು. ಆಡಳಿತ ಮಂಡಳಿಗಳು ಶುಲ್ಕದಲ್ಲಿ ಸಹಾಯ, ಗ್ರಂಥಾಲಯ ಸೌಲಭ್ಯ, ಪರೀಕ್ಷಾ ಸಮಯದಲ್ಲಿ ರಜೆ ಒದಗಿಸಿದರೆ ಅದರ ಫಲ ಅವರ ಶಾಲೆಗೇ ಮರಳುತ್ತದೆ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬುದು ನಮ್ಮ ಹಿರಿಯರ ಗಾದೆ. ಸ್ನಾತಕೋತ್ತರ ಅಧ್ಯಯನವು ಆ ಒಕ್ಕಾಲನ್ನು ಕೊಡುತ್ತದೆ. ಮುಕ್ಕಾಲು ಬೆಳೆಯಬೇಕಾದುದು ತರಗತಿಯಲ್ಲಿ. ಪದವಿ ಪಡೆದ ಮೇಲೆ ಶಿಕ್ಷಕರ ಹೆಸರಿನ ಮುಂದೆ ಎರಡಕ್ಷರ ಹೆಚ್ಚಾಗುವುದು ಸಂತೋಷವೇ. ಆದರೆ 36 ಎಂದು ಬರೆದ ಮಗುವಿನ ಬಳಿ ಕುಳಿತು, ಅದು ಹಾಗೇಕೆ ಬರೆಯಿತೆಂದು ಕೇಳುವ ತಾಳ್ಮೆ ಹೆಚ್ಚಾಗಿದ್ದರೆ ಆ ಓದು ಸಾರ್ಥಕ.