ಕೂಡಿಟ್ಟ ಗಂಟು ಯಾರದು?

ನಾನು ಚಳ್ಳಕೆರೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಊರಿನ ಗಾಳಿಗೇ ಶೇಂಗಾ ಎಣ್ಣೆಯ ವಾಸನೆಯಿತ್ತು. ನನ್ನ ತರಗತಿಯ ಅನೇಕ ಮಕ್ಕಳ ತಂದೆಯರು ಎಣ್ಣೆ ಗಿರಣಿಗಳಲ್ಲಿ ದುಡಿಯುತ್ತಿದ್ದರು. ಮುಂದೆ ಬರ ಹಾಗೂ ಹೊರದೇಶದ ಅಗ್ಗದ ಪಾಮ್ ಎಣ್ಣೆಯ ಹೊಡೆತಕ್ಕೆ ಗಿರಣಿಗಳು ಒಂದೊಂದಾಗಿ ಮುಚ್ಚತೊಡಗಿದಾಗ, ಅಂಥ ತಂದೆಯೊಬ್ಬರು ಬಟ್ಟೆಯ ಗಂಟಿನಲ್ಲಿ ಹಳೆಯ ಚೀಟಿಗಳನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದರು. "ಮೇಷ್ಟ್ರೆ, ಇದರಾಗೆ ನನ್ನ ಫಂಡು ಎಲ್ಲೈತೆ ನೋಡ್ರಿ" ಎಂದರು. ಅವು ಕೇವಲ ಬಟವಾಡೆ ಚೀಟಿಗಳು. ಭವಿಷ್ಯ ನಿಧಿಯ ಖಾತೆ ಸಂಖ್ಯೆ ಒಂದರಲ್ಲಿಯೂ ಇರಲಿಲ್ಲ. ಆ ಗಂಟನ್ನು ಮತ್ತೆ ಕಟ್ಟಿಕೊಟ್ಟ ದಿನದ ಸಂಕೋಚ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನಮ್ಮ ಎರಡೂ ತಾಲ್ಲೂಕುಗಳು ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನ 1891ರಷ್ಟು ಹಿಂದೆಯೇ ತನ್ನ ನೌಕರರಿಗಾಗಿ ಜೀವವಿಮೆಯನ್ನು ಆರಂಭಿಸಿತ್ತು. ಸರ್ಕಾರಿ ನೌಕರನ ಮುಪ್ಪಿಗೂ ಅವನ ಸಂಸಾರಕ್ಕೂ ಒಂದು ಆಸರೆಯಿತ್ತು. ಗಿರಣಿಯ ಕೂಲಿಗಾರನಿಗೆ ಅಂಥ ಆಸರೆ ದೊರೆಯಲು ಸ್ವಾತಂತ್ರ್ಯ ಬರಬೇಕಾಯಿತು. 1951ರ ನವೆಂಬರಿನಲ್ಲಿ ಹೊರಟ ಸುಗ್ರೀವಾಜ್ಞೆ 1952ರಲ್ಲಿ ನೌಕರರ ಭವಿಷ್ಯ ನಿಧಿ ಕಾಯಿದೆಯಾಯಿತು. ಮೊದಲಿಗೆ ಅದು ಸಿಮೆಂಟ್, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ-ಉಕ್ಕು, ಕಾಗದ ಮತ್ತು ಜವಳಿ ಎಂಬ ಆರು ಉದ್ಯಮಗಳಿಗಷ್ಟೇ ಅನ್ವಯಿಸುತ್ತಿತ್ತು. ಖಾದ್ಯ ತೈಲ ಉದ್ಯಮವೂ ಅನಂತರ ಆ ಪಟ್ಟಿಗೆ ಸೇರಿತು. ಆದರೆ ಕನಿಷ್ಠ 50 ಮಂದಿ ಕೆಲಸಗಾರರಿರಬೇಕೆಂಬ ನಿಯಮವಿತ್ತು. 1960ರ ತಿದ್ದುಪಡಿ ಅದನ್ನು 20ಕ್ಕೆ ಇಳಿಸಿತು. ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತೇ ಹೆಸರು ಇದ್ದರೆ ಇಪ್ಪತ್ತನೆಯವನಷ್ಟೇ ಅಲ್ಲ, ಎಲ್ಲರೂ ಹೊರಗುಳಿದಂತೆಯೇ.

ಕಾಯಿದೆಯಲ್ಲಿ ಒಳ್ಳೆಯ ಬೇಲಿಗಳೂ ಇದ್ದವು. ನಿಧಿಯ ಹಣವನ್ನು ಸಾಲಗಾರರು ಜಪ್ತಿ ಮಾಡಿಸುವಂತಿರಲಿಲ್ಲ. ಸಂಬಳದಿಂದ ಮುರಿದುಕೊಂಡ ವಂತಿಗೆಯನ್ನು ಮಾಲೀಕ ನಿಧಿಗೆ ಕಟ್ಟದಿದ್ದರೆ ಅದು ವಿಶ್ವಾಸದ್ರೋಹವೆಂಬ ಅಪರಾಧ. ಆದರೆ ಹೆಸರೇ ದಾಖಲಾಗದವನಿಗೆ ಬೇಲಿಯಿಂದೇನು ಪ್ರಯೋಜನ?

1971ರಲ್ಲಿ ಕುಟುಂಬ ಪಿಂಚಣಿಯೂ 1995ರ ನವೆಂಬರ್ 16ರಿಂದ ಪಿಂಚಣಿ ಯೋಜನೆಯೂ ಬಂದವು. ಈ ನಡುವೆ 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪಿಂಚಣಿ ಧಣಿಯ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು ತೀರ್ಪಿತ್ತಿತು. ನಿವೃತ್ತ ಮೇಷ್ಟ್ರಾದ ನಾನು ಪ್ರತಿ ತಿಂಗಳೂ ಆ ಮಾತಿನ ಫಲವನ್ನು ಉಣ್ಣುತ್ತಿದ್ದೇನೆ.

ಮೊಳಕಾಲ್ಮೂರಿನ ಕಥೆ ಬೇರೆ. ಅಲ್ಲಿ ರೇಷ್ಮೆ ಸೀರೆ ನೇಯುವವನ ಮಗ್ಗ ಮನೆಯಲ್ಲಿಯೇ ಇರುತ್ತದೆ. ನೂಲು ಕೊಟ್ಟು ಸೀರೆ ಕೊಂಡೊಯ್ಯುವವನು ಕೂಲಿ ಕೊಡುತ್ತಾನೆಯೇ ಹೊರತು ತಾನು ಮಾಲೀಕನೆಂದು ಒಪ್ಪುವುದಿಲ್ಲ. ಕಣ್ಣು ಮಂಜಾದ ದಿನ ಮಗ್ಗ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ. 2007ರಲ್ಲಿ ನಮ್ಮ ರಾಜ್ಯ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆ ನೇಕಾರರನ್ನೂ ಒಳಗೊಂಡಿತು. ಅದು ನೆರವು, ನಿಜ. ಆದರೆ ದುಡಿಮೆಯ ಲೆಕ್ಕಕ್ಕೆ ತಕ್ಕ ಪಿಂಚಣಿ ಅದಲ್ಲ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿಯೂ ಹೆಚ್ಚಾಗಿ ಹೆಣ್ಣುಮಕ್ಕಳು, ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಮಾಲೀಕರ ಪಾಲಿನ ವಂತಿಗೆಯನ್ನು 58 ವರ್ಷ ತುಂಬುವವರೆಗೆ ತೆಗೆಯಬಾರದೆಂಬ ಕೇಂದ್ರದ ನಿಯಮದ ವಿರುದ್ಧ ಅವರು ಸಿಡಿದೆದ್ದಿದ್ದರು. ಏಪ್ರಿಲ್ 19ರಂದು ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಉಳಿತಾಯಕ್ಕೆ ಬೀಗ ಹಾಕುವುದು ಒಳ್ಳೆಯದೇ ಅಲ್ಲವೆ ಎಂದು ನಾನು ಭಾವಿಸಿದ್ದೆ. ಅಲ್ಲಿ ದುಡಿಯುತ್ತಿದ್ದ ನನ್ನ ಶಿಷ್ಯೆಯೊಬ್ಬಳು ಫೋನಿನಲ್ಲಿ ಕೇಳಿದಳು: "ಸಾರ್, ಐವತ್ತೆಂಟರ ತನಕ ನಮ್ಮನ್ನ ಯಾವ ಫ್ಯಾಕ್ಟ್ರಿಯವರು ಇಟ್ಕೊಳ್ತಾರೆ?" ನನ್ನಲ್ಲಿ ಉತ್ತರವಿರಲಿಲ್ಲ. ಕೆಲಸ ಬಿಟ್ಟ ಹೆಣ್ಣುಮಗಳಿಗೆ ಆ ಹಣ ಮುಪ್ಪಿನ ಗಂಟಲ್ಲ, ಮುಂದಿನ ತಿಂಗಳ ಅನ್ನ.

ಆದರೂ ಆಕೆ ನಷ್ಟಪಟ್ಟಳು. ಎಂಟು ವರ್ಷ ದುಡಿದು, ಕೆಲಸ ಬಿಟ್ಟಾಗ ಪಿಂಚಣಿಯ ಪಾಲನ್ನೂ ಸೇರಿಸಿ ಎಲ್ಲವನ್ನೂ ಹಿಂಪಡೆದಳು. ಪಿಂಚಣಿಯ ಅರ್ಹತೆಗೆ ಹತ್ತು ವರ್ಷ ಬೇಕು. ಪಿಂಚಣಿಯ ಪಾಲನ್ನು ತೆಗೆಯದೆ 'ಸ್ಕೀಮ್ ಸರ್ಟಿಫಿಕೇಟ್' ಪಡೆದಿದ್ದರೆ ಆ ಎಂಟು ವರ್ಷ ಮುಂದಿನ ನೌಕರಿಯ ಲೆಕ್ಕಕ್ಕೆ ಸೇರುತ್ತಿತ್ತು. ಲೆಕ್ಕ ಸರಳ: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರಲ್ಲಿ ಗೊತ್ತುಪಡಿಸಿದ 15,000 ರೂಪಾಯಿ ಮಿತಿಯಲ್ಲಿ 20 ವರ್ಷ ದುಡಿದವರಿಗೆ ತಿಂಗಳಿಗೆ ಸುಮಾರು 4,285 ರೂಪಾಯಿ. ದೊಡ್ಡ ಮೊತ್ತವಲ್ಲ. ಆದರೆ ಮಕ್ಕಳ ಮುಂದೆ ಕೈಚಾಚದಿರಲು ಅದೂ ಒಂದು ಬಲ.

ನನ್ನ ಹಳೆಯ ವಿದ್ಯಾರ್ಥಿಗಳೆ, ಒಂದು ಮನೆಗೆಲಸ ಕೊಡುತ್ತೇನೆ. 2014ರಿಂದ ಬಂದಿರುವ ಯುಎಎನ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ವಂತಿಗೆ ತಿಂಗಳುತಿಂಗಳೂ ಜಮೆಯಾಗಿದೆಯೇ ಎಂದು ಪಾಸ್‌ಬುಕ್ ನೋಡಿ. ನೌಕರಿ ಬದಲಿಸಿದಾಗ ಖಾತೆಯನ್ನು ವರ್ಗಾಯಿಸಿ. ನಾಮನಿರ್ದೇಶನ ಮಾಡಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಚೀಟಿಗಳನ್ನೂ ಒಮ್ಮೆ ಬಿಚ್ಚಿ ನೋಡಿ. ಆ ತಂದೆ ನನ್ನ ಬಳಿ ಬಂದಾಗ ಕಾಲ ಮಿಂಚಿತ್ತು. ನಿಮಗಿನ್ನೂ ಕಾಲವಿದೆ.